ಮೂರನೆಯ ಕೋಣೆಯ ದೀಪ

ನನ್ನ ಕೆಲಸ ಇಷ್ಟೇ:
ಯಾರಾದರೂ ಬಂದರೆ ದೀಪ ಹಾಕುವುದು,
ಹೋದರೆ ಆರಿಸುವುದು.
ನಡುವೆ ಒಂದು ಕುರ್ಚಿ, ಮೊಣಕಾಲಿಗೆ ಶಾಲು,
ಮುಗಿಯದ ಕಾಲುಚೀಲದ ಹೆಣಿಗೆ,
ಕಿಟಕಿಯಾಚೆ ಕರಿಗಲ್ಲಿನ ಗ್ಯುಮ್ರಿ.

ಬೇಸಿಗೆಗೆ ಬರುತ್ತಾರೆ ಬೇರೂತಿನವರು, ಲಿಯೋನಿನವರು,
ನಮ್ಮದೇ ಮಾತಿಗೆ ಬೇರೆ ಉಪ್ಪು ಹಾಕಿ ಆಡುವವರು.
ಗಾಜಿಗೆ ಮೂಗೊತ್ತಿ ನೋಡುತ್ತಾರೆ
ಬೆಳ್ಳಿಯ ಡಾಬು, ತಾಮ್ರದ ಹೂಜಿ,
ಕಾರ್ಸಿನ ಯಾವುದೋ ಮನೆಯ ಬೀಗದಕೈ
(ಬಾಗಿಲೇ ಇಲ್ಲದ್ದಕ್ಕೆ ಬಲು ಉದ್ದ).
ಹೋದ ವರ್ಷ ಒಬ್ಬಾತ ಜಮಖಾನದ ಮುಂದೆ ನಿಂತು ಅತ್ತ.
ನಾನು ತಲೆ ಬಗ್ಗಿಸಿ ಹೆಣಿಗೆಯ ಮನೆ ಎಣಿಸಿದೆ.
ಅಳುವವರಿರುವಾಗ ದೀಪ ಆರಿಸಬಾರದು:
ಇದು ನಿಯಮದಲ್ಲಿಲ್ಲ, ನಾನೇ ಮಾಡಿಕೊಂಡದ್ದು.

ಮೂಲೆಯಲ್ಲಿ ತೊಟ್ಟಿಲಿದೆ.
ಅಕ್ರೋಟಿನ ಮರ, ಎರಡು ಬದಿಗೂ ಕಟಕಟೆ,
ತಲೆಯ ಕಡೆ ಕೊರೆದ ಸೂರ್ಯಚಕ್ರ,
ಸುತ್ತುವ ಎಸಳು, ಸುತ್ತದೆ ನೂರು ವರ್ಷ.
ಚೀಟಿ ಹೇಳುತ್ತದೆ:
"ತೊಟ್ಟಿಲು. ಶಿರಾಕ್ ಸೀಮೆ. ಮಾಡಿದವರು ತಿಳಿಯದು.
ಎಡಬದಿಯ ಒಂದು ಕಡ್ಡಿ ಇಲ್ಲ.
ಕಳೆದ ಕಾಲ ತಿಳಿಯದು."

ಕಾಲ ನನಗೆ ತಿಳಿದಿದೆ.

ತೊಂಬತ್ತಮೂರು, ಜನವರಿ, ಎರಡನೆಯ ಶನಿವಾರ.
ನೆಲ ನಡುಗಿ ಊರು ಬಿದ್ದು ಐದನೆಯ ಚಳಿಗಾಲ.
ಗೂಡ್ಸು ಬೋಗಿಯಂಥ ಕಬ್ಬಿಣದ ಡಬ್ಬಿಯೊಳಗೆ ನಾವು;
ಅದನ್ನೇ ಮನೆ ಅಂದರು, ನಾವೂ ಅಂದೆವು.
ಕರೆಂಟು ದಿನಕ್ಕೊಂದು ಗಂಟೆ,
ದೂರದ ನೆಂಟರ ಹಾಗೆ ಹೇಳದೆ ಬಂದು ಹೇಳದೆ ಹೋಗುವುದು.
ಉದ್ಯಾನದ ಮರ ಮುಗಿದವು. ಶಾಲೆಯ ಬೆಂಚು ಮುಗಿದವು.
ಪಕ್ಕದ ಡಬ್ಬಿಯ ಮೆಖಾಕ್ ಮೇಷ್ಟ್ರು
ಲೆಕ್ಕದ ಪುಸ್ತಕ ಮೊದಲು ಒಲೆಗಿಟ್ಟರು, ವ್ಯಾಕರಣ ಆಮೇಲೆ,
ಪದ್ಯದ್ದು ಕಟ್ಟಕಡೆಗೆ.
"ಇವುಗಳಲ್ಲಿ ಶಾಖ ಕಡಿಮೆ" ಅಂದರು,
ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ.

ನನ್ನ ನ್ವಾರ್ದ್‌ಗೆ ಏಳು ತಿಂಗಳು.
ಎದೆ ಬತ್ತಿತ್ತು. ಹಾಲಿನ ಪುಡಿ ಇತ್ತು,
ಬಕೆಟ್ಟಿನಲ್ಲಿ ನೀರು ಕಲ್ಲಾಗಿತ್ತು.
ಆಗಲೂ ನಾನು ಇದೇ ಕೋಣೆಗೆ ಕಾವಲು,
ದೀಪವಿಲ್ಲದ ದೀಪದವಳು.

ಕಡ್ಡಿ ತಾನಾಗಿ ಸಡಿಲಾಗಿತ್ತು, ಮುಟ್ಟಿದರೆ ಬಂತು,
ಎಂದು ಎಷ್ಟೋ ವರ್ಷ ಹೇಳಿಕೊಂಡೆ.
ಇಲ್ಲ. ಎಳೆದೆ. ಎರಡು ಸಲ.
ಕೋಟಿನ ತೋಳೊಳಗೆ ಅದನ್ನು ಇಳಿಬಿಟ್ಟು
ಮೊಣಕೈ ಮಡಿಸಲಾಗದೆ,
ಕೈ ಮುರಿದವಳಂತೆ ನಡೆದೆ ಮಂಜಿನಲ್ಲಿ.

ನೂರು ವರ್ಷ ಒಣಗಿದ ಅಕ್ರೋಟು. ಹೊಗೆಯೇ ಇಲ್ಲ.
ಒಂದು ಲೋಟ ನೀರಿಗೆ ಸಾಕಾಯಿತು,
ಸರಿಯಾಗಿ ಒಂದು ಲೋಟಕ್ಕೆ.
ಮಗು ಕುಡಿಯಿತು. ತೇಗಿತು.

ಮೊನ್ನೆ ಶಾಲೆಯ ಮಕ್ಕಳು ಬಂದಿದ್ದರು.
ಬೆರಳಿಟ್ಟು ಎಣಿಸಿದನೊಬ್ಬ:
"ಈ ಕಡೆ ಹದಿಮೂರು, ಆ ಕಡೆ ಹನ್ನೆರಡು.
ಯಾಕೆ, ಅರ್ಪೆನಿಕಜ್ಜಿ?"
ವಿವರಿಸುವ ಹುಡುಗಿ ಸತೆನಿಕ್ ಮುಂದೆ ಬಂದಳು:
ಯುದ್ಧ ಅಂದಳು, ವಲಸೆ ಅಂದಳು,
ದಾರಿಯಲ್ಲಿ ಕಳೆದದ್ದೆಷ್ಟೋ ಅಂದಳು.
ಎಲ್ಲ ನಿಜವೇ. ಎಲ್ಲ ಬೇರೆ ಕಡ್ಡಿಗಳ ಕತೆ.
ಹುಡುಗ ಅವಳನ್ನು ಕೇಳಿಸಿಕೊಳ್ಳದೆ
ನನ್ನನ್ನೇ ನೋಡುತ್ತಿದ್ದ.

ನ್ವಾರ್ದ್ ಇಲ್ಲಿಗೆ ಬಂದದ್ದು ಒಮ್ಮೆ.
ವನಾದ್ಜೋರಿನಲ್ಲಿ ಹಲ್ಲಿನ ಡಾಕ್ಟರು ಅವಳು.
ಚೀಟಿ ಓದಲಿಲ್ಲ. ತೊಟ್ಟಿಲಿನತ್ತ ಬಗ್ಗಿ,
"ಇಲ್ಲೊಂದು ಕಟ್ಟಿಸಬೇಕಮ್ಮಾ" ಎಂದು ನಕ್ಕಳು.
ನಾನೂ ನಕ್ಕೆ. ಬಾಯಿಗೆ ಬಂದದ್ದು
ನಗುವಿನ ಜೊತೆಗೇ ಒಳಗೆ ಹೋಯಿತು.
ಆಮೇಲೆ ಇಬ್ಬರೂ ಕೆಳಗೆ ಹೋಗಿ ಕಾಫಿ ಕುಡಿದೆವು.

ಐದೂವರೆಗೆ ದೀಪ ಆರಿಸುತ್ತೇನೆ.
ಕತ್ತಲಲ್ಲಿ ಆ ತೆರಪಿಗೆ ಕೈ ಹಾಕುತ್ತೇನೆ.
ಮೊದಲೆಲ್ಲ ಮುಂಗೈವರೆಗೂ ಹೋಗುತ್ತಿತ್ತು.
ಈಗ ಗಂಟುಗಳು ಊದಿವೆ;
ಎರಡು ಬೆರಳು ಹಿಡಿಯುತ್ತವೆ, ಅಷ್ಟೇ.